ಇರುಳಿನ ನೆಲೆಗಳು: ಬೆಂಗಳೂರಿನ ಸಲಿಂಗಾನುರಾಗಿಗಳ ಕೂಟಸ್ಥಾನಗಳು

ಮಹಾನಗರದ ಇರುಳು ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಕೆಲವರಿಗೆ ಅದು ದುಡಿಮೆಯ ಹೊತ್ತು; ಕೆಲವರಿಗೆ ವಿರಾಮದ ಹೊತ್ತು; ಇನ್ನು ಕೆಲವರಿಗೆ, ಹಗಲಿನಲ್ಲಿ ತಾವು ಯಾರೆಂದು ಹೇಳಿಕೊಳ್ಳಲಾಗದ ಕಾರಣದಿಂದ, ತಮ್ಮಂಥವರನ್ನು ಕಾಣಲು ಉಳಿದಿರುವ ಏಕೈಕ ಹೊತ್ತು. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು, ಹುಟ್ಟಿನ ಲಿಂಗವನ್ನು ಒಪ್ಪದೆ ಬೇರೊಂದು ಗುರುತಿನಲ್ಲಿ ಬದುಕುವವರು ಈ ಮೂರನೆಯ ವರ್ಗಕ್ಕೆ ಸೇರುತ್ತಾರೆ. ಪಾಶ್ಚಾತ್ಯ ನಗರಗಳಲ್ಲಿ ‘ಗೇ ಬಾರ್’ ಎಂದು ಕರೆಯಲಾಗುವ ಸ್ಥಳಗಳು ಹುಟ್ಟಿದ್ದು ಈ ಅಗತ್ಯದಿಂದಲೇ. ಬೆಂಗಳೂರಿನಲ್ಲಿ ಅದೇ ಅಗತ್ಯ ಬೇರೆ ರೂಪಗಳನ್ನು ತಾಳಿತು. ಆ ರೂಪಗಳಾವುವು, ಅವು ಯಾವ ಕಾರಣಗಳಿಂದ ಹುಟ್ಟಿದವು, ಯಾರಿಗೆ ದಕ್ಕಿದವು, ಯಾರಿಗೆ ದಕ್ಕಲಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಶೀಲನೆಯನ್ನು ನಗರದಿಂದಲ್ಲದೆ ಹಳ್ಳಿಯಿಂದ ಆರಂಭಿಸುವುದು ಉಚಿತ. ಏಕೆಂದರೆ ಬೆಂಗಳೂರಿನ ಉದ್ಯಾನಗಳಲ್ಲಿ, ಪಬ್ಬುಗಳಲ್ಲಿ, ಸಂಘಟನೆಗಳ ಸಭೆಗಳಲ್ಲಿ ಸೇರುವವರಲ್ಲಿ ಅನೇಕರು ಆ ನಗರದಲ್ಲಿ ಹುಟ್ಟಿದವರಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದಲ್ಲಿರುವ ಐರಣಿ ಹಳೆಯ ಕೋಟೆಗೂ ಕಂಬಳಿಯ ನೇಯ್ಗೆಗೂ ಹೆಸರಾದ ಊರು. ಇಂಥ ಊರಿನ ತರುಣನೊಬ್ಬ ಕೆಲಸವನ್ನೋ ಓದನ್ನೋ ಅರಸಿ ರಾಣೆಬೆನ್ನೂರಿನಲ್ಲಿ ರೈಲು ಹತ್ತಿದರೆ ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಇಳಿಯುತ್ತಾನೆ. ಊರಿನಲ್ಲಿ ಅವನ ಮುಖ ಎಲ್ಲರಿಗೂ ಗೊತ್ತು. ನಗರದಲ್ಲಿ ಯಾರಿಗೂ ಗೊತ್ತಿಲ್ಲ. ಈ ಅಪರಿಚಿತತೆಯೇ ನಗರವು ಅವನಿಗೆ ಕೊಡುವ ಮೊದಲ ಸೌಲಭ್ಯ. ಆದರೆ ಅದೊಂದರಿಂದಲೇ ನೆಲೆ ದೊರೆಯುವುದಿಲ್ಲ. ಕಾನೂನು, ಹಣ ಮತ್ತು ಭಾಷೆ ಎಂಬ ಮೂರು ಅಂತರಗಳನ್ನು ಅವನು ಇನ್ನೂ ದಾಟಬೇಕಾಗುತ್ತದೆ.

ಪದಗಳ ಪ್ರಶ್ನೆ

ವಿಷಯ ಪ್ರವೇಶಕ್ಕೆ ಮುನ್ನ ಪದಗಳ ಬಗೆಗೆ ಕೆಲವು ಮಾತು ಅವಶ್ಯಕ. ಕನ್ನಡದ ಪತ್ರಿಕೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪದ ‘ಸಲಿಂಗಕಾಮ’. ಈ ಪದವು ಒಬ್ಬ ವ್ಯಕ್ತಿಯ ಸ್ನೇಹ, ಒಲವು, ಒಡನಾಟಗಳನ್ನೆಲ್ಲ ಬದಿಗಿರಿಸಿ ಅವನನ್ನು ಕಾಮದ ಒಂದೇ ಅಂಶಕ್ಕೆ ಸೀಮಿತಗೊಳಿಸುತ್ತದೆ ಎಂಬ ಆಕ್ಷೇಪವಿದೆ. ಹೀಗಾಗಿ ‘ಸಲಿಂಗಾನುರಾಗ’, ‘ಸಲಿಂಗಪ್ರೇಮ’ ಎಂಬ ಪದಗಳು ಕ್ರಮೇಣ ಚಾಲ್ತಿಗೆ ಬಂದಿವೆ. ಸಂಘಟನೆಗಳು ಸಾಮೂಹಿಕವಾಗಿ ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಪದವನ್ನು ರೂಢಿಗೆ ತಂದವು.

ಇವುಗಳ ಜೊತೆಗೆ ಬೀದಿಯಲ್ಲಿ ಹುಟ್ಟಿದ ಪದಗಳೂ ಇವೆ. ಹೆಣ್ಣಿನ ನಡೆನುಡಿಯುಳ್ಳ ಗಂಡಸರು ತಮ್ಮನ್ನು ‘ಕೋತಿ’ ಎಂದೂ ತಮ್ಮ ಸಂಗಾತಿಯನ್ನು ‘ಪಂಥಿ’ ಎಂದೂ ಕರೆದುಕೊಳ್ಳುವುದುಂಟು. ಕನ್ನಡದಲ್ಲಿ ಪ್ರಾಣಿಯ ಹೆಸರನ್ನು ನೆನಪಿಸುವ ಮೊದಲ ಪದವು ಹೊರಗಿನವರ ಬಾಯಲ್ಲಿ ಬೈಗುಳವಾಗಬಹುದು. ಒಳಗಿನವರಿಗೆ ಅದು ಪರಸ್ಪರ ಗುರುತಿನ ಮಾತು. ‘ಗೇ’ ಎಂಬ ಇಂಗ್ಲಿಷ್ ಪದ ಬಹುಮಟ್ಟಿಗೆ ಓದು ಬಲ್ಲ ನಗರವಾಸಿಗಳ ಗುರುತಾಯಿತು. ಲಿಂಗಪರಿವರ್ತಿತರು, ಹಿಜಡಾಗಳು, ಜೋಗಪ್ಪಗಳು ಇವರೆಲ್ಲರೂ ಸಲಿಂಗಾನುರಾಗಿಗಳೆಂದು ತಿಳಿಯುವುದು ತಪ್ಪು. ಒಲವು ಯಾರ ಕಡೆಗೆ ಎಂಬುದು ಒಂದು ಪ್ರಶ್ನೆ. ತಾನು ಗಂಡೋ ಹೆಣ್ಣೋ ಎಂಬುದು ಇನ್ನೊಂದು ಪ್ರಶ್ನೆ. ಆದರೂ ಇವರೆಲ್ಲರ ಕೂಟಸ್ಥಾನಗಳು ಒಂದನ್ನೊಂದು ಹೆಣೆದುಕೊಂಡಿರುವುದರಿಂದ ಒಟ್ಟಾಗಿ ನೋಡುವುದು ಅನಿವಾರ್ಯ.

ಊರಿನ ಇರುಳು

ನಮ್ಮ ಹಳ್ಳಿಗಳಲ್ಲಿ ಇಂಥವರಿಗೆ ನೆಲೆಯೇ ಇರಲಿಲ್ಲವೆಂದು ಹೇಳಲಾಗದು. ಉತ್ತರ ಕರ್ನಾಟಕದಲ್ಲಿ ಸುಗ್ಗಿಯ ನಂತರ ಇರುಳಿಡೀ ನಡೆಯುವ ದೊಡ್ಡಾಟದಲ್ಲಿ ಹೆಣ್ಣಿನ ಪಾತ್ರವನ್ನು ಗಂಡಸರೇ ಧರಿಸುತ್ತಿದ್ದರು. ಆ ವೇಷವು ಬೆಳಗಾದರೆ ಕಳಚುವಂಥದು. ಅದನ್ನು ಧರಿಸಿದವನ ಒಲವಿನ ಬಗೆಗೆ ಅದರಿಂದ ಏನನ್ನೂ ತೀರ್ಮಾನಿಸಲಾಗದು. ಆದರೆ ಗಂಡೊಬ್ಬ ಹೆಣ್ಣಿನ ನಡಿಗೆಯಲ್ಲಿ ನಡೆದಾಗ ಊರು ನಗದೆ, ಮೆಚ್ಚಿ ನೋಡುವ ಹೊತ್ತೊಂದನ್ನು ರಂಗಭೂಮಿ ನಿರ್ಮಿಸಿತ್ತು ಎಂಬುದು ಗಮನಾರ್ಹ.

ಇದಕ್ಕಿಂತ ಸ್ಥಿರವಾದ ನೆಲೆಯೆಂದರೆ ಜೋಗಪ್ಪ ಪರಂಪರೆ. ಸವದತ್ತಿಯ ಎಲ್ಲಮ್ಮ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆ, ಕೊಪ್ಪಳ ಜಿಲ್ಲೆಯ ಹುಲಿಗೆಮ್ಮ ಮೊದಲಾದ ಶಕ್ತಿದೇವತೆಗಳ ಭಕ್ತವಲಯದಲ್ಲಿ, ದೇವಿಯೇ ಮೈಯಲ್ಲಿ ಬಂದಳೆಂಬ ನಂಬಿಕೆಯಿಂದ ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಕೊಡ ಹೊತ್ತು, ಚೌಡಿಕೆಯ ನಾದಕ್ಕೆ ಹಾಡಿ ಕುಣಿಯುವವರು ಜೋಗಪ್ಪಗಳು. ಹುಣ್ಣಿಮೆಯ ಜಾತ್ರೆಗಳ ಇರುಳು ಇವರ ಕೂಟದ ಹೊತ್ತೂ ಹೌದು. ದೂರದ ಊರುಗಳಿಂದ ಬಂದವರು ಅಲ್ಲಿ ಒಬ್ಬರನ್ನೊಬ್ಬರು ಕಂಡು ಗುರು, ತಾಯಿ, ಅಕ್ಕ, ಮಗಳು ಎಂಬ ಸಂಬಂಧಗಳನ್ನು ಕಟ್ಟಿಕೊಳ್ಳುತ್ತಾರೆ. ಈ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು.

ಆದರೆ ಈ ನೆಲೆಗೆ ಬೆಲೆಯಿದೆ. ದೇವಿಯ ಹೆಸರಿನಲ್ಲಿ ದೊರೆಯುವ ಗೌರವವು ದೇವಿಗೇ ಮೀಸಲಾದ ಬದುಕನ್ನು ಕೇಳುತ್ತದೆ. ಮನೆ, ಆಸ್ತಿ, ಒಬ್ಬ ಸಂಗಾತಿಯೊಡನೆ ಬಹಿರಂಗವಾಗಿ ಬದುಕುವ ಹಕ್ಕು ಇವು ಅದರೊಳಗೆ ಬರುವುದಿಲ್ಲ. ಇನ್ನು ಸೀರೆಯುಡಲು ಬಯಸದ, ಗಂಡಾಗಿಯೇ ಇದ್ದು ಗಂಡನ್ನು ಪ್ರೀತಿಸುವವನಿಗೆ, ಅಥವಾ ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ ಈ ಪರಂಪರೆಯಲ್ಲಿ ಹೆಸರೇ ಇಲ್ಲ. ಮದುವೆಯ ವಯಸ್ಸು ಬಂದಾಗ ಇಂಥವರ ಮುಂದೆ ಉಳಿಯುವುದು ಎರಡು ದಾರಿ: ಒಪ್ಪಿ ಮೌನವಾಗುವುದು, ಇಲ್ಲವೆ ಊರು ಬಿಡುವುದು. ಬೆಂಗಳೂರಿನ ಇರುಳಿನ ಚರಿತ್ರೆಯು ಈ ಎರಡನೆಯ ದಾರಿ ಹಿಡಿದವರ ಚರಿತ್ರೆಯಾಗಿದೆ.

ಉದ್ಯಾನ, ನಿಲ್ದಾಣ, ಹಮಾಮ್

ಊರಿನಿಂದ ಬಂದವನು ನಗರದಲ್ಲಿ ಮೊದಲು ಕಾಣುವುದು ಬಾರನ್ನಲ್ಲ, ಬಯಲನ್ನು. ರೈಲು ಮತ್ತು ಬಸ್ಸುಗಳೆರಡೂ ಬಂದು ನಿಲ್ಲುವ ಮೆಜೆಸ್ಟಿಕ್ ಪ್ರದೇಶ ಮತ್ತು 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನ ಬಹಳ ಹಿಂದಿನಿಂದಲೂ ಗಂಡಸರು ಗಂಡಸರನ್ನು ಭೇಟಿಯಾಗುವ ಸ್ಥಳಗಳಾಗಿದ್ದವು. ಇದಕ್ಕೆ ಕಾರಣ ಸರಳ. ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಅಲ್ಲಿ ಇಂಗ್ಲಿಷ್ ಬೇಕಿಲ್ಲ. ಒಬ್ಬ ಗಂಡಸು ಕಲ್ಲುಬೆಂಚಿನ ಮೇಲೆ ಕುಳಿತರೆ ಏಕೆಂದು ಯಾರೂ ಕೇಳುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದವನಿಗೂ, ಬಾಡಿಗೆ ಕೋಣೆಯನ್ನು ನಾಲ್ವರೊಡನೆ ಹಂಚಿಕೊಂಡವನಿಗೂ, ಮನೆಯಲ್ಲಿ ಹೆಂಡತಿ ಮಕ್ಕಳಿರುವವನಿಗೂ ದಕ್ಕುವ ಸ್ಥಳ ಅದು. ಹೆಣ್ಣಿಗಾದರೋ ಈ ಬಯಲೂ ಇರಲಿಲ್ಲ. ಇರುಳಿನಲ್ಲಿ ಉದ್ಯಾನದ ಬೆಂಚಿನ ಮೇಲೆ ಒಂಟಿಯಾಗಿ ಕುಳಿತ ಹೆಣ್ಣನ್ನು ನಗರವು ಬೇರೊಂದು ಕಣ್ಣಿನಿಂದ ನೋಡುತ್ತದೆ.

ಹಿಜಡಾ ಸಮುದಾಯದವರಿಗೆ ಇನ್ನೊಂದು ನೆಲೆಯಿತ್ತು: ಬಿಸಿನೀರಿನ ಸ್ನಾನಗೃಹಗಳಾದ ‘ಹಮಾಮ್’ಗಳು. ಹಿರಿಯ ಹಿಜಡಾಗಳು ನಡೆಸುತ್ತಿದ್ದ ಈ ಸ್ಥಳಗಳು ಜೀವನೋಪಾಯದ ಜೊತೆಗೆ ವಾಸದ ಮನೆಯೂ ಆಗಿದ್ದವು. ಊರಿನಿಂದ ಓಡಿಬಂದ ಕಿರಿಯರಿಗೆ ಊಟ, ವಸತಿ, ಗುರುವಿನ ಆಶ್ರಯ ದೊರೆಯುತ್ತಿದ್ದುದು ಇಲ್ಲಿಯೇ.

ಈ ನೆಲೆಗಳ ಮೇಲೆ ಕಾನೂನಿನ ನೆರಳು ಸದಾ ಇತ್ತು. ಬ್ರಿಟಿಷರು 1860ರಲ್ಲಿ ರೂಪಿಸಿದ ಭಾರತೀಯ ದಂಡ ಸಂಹಿತೆಯ 377ನೆಯ ಕಲಮು ‘ನಿಸರ್ಗ ನಿಯಮಕ್ಕೆ ವಿರುದ್ಧವಾದ’ ಸಂಭೋಗವನ್ನು ಅಪರಾಧವೆಂದು ಸಾರಿತ್ತು. ಇದರಡಿಯಲ್ಲಿ ಶಿಕ್ಷೆಯಾದ ಪ್ರಕರಣಗಳಿಗಿಂತ ಇದರ ಭಯ ತೋರಿಸಿ ಹಣ ಕಿತ್ತ ಪ್ರಸಂಗಗಳು ಹೆಚ್ಚು. ವಿಶೇಷವೆಂದರೆ ಸಂಹಿತೆಯನ್ನು ರಚಿಸಿದವರಿಗೂ ಈ ಅಪಾಯದ ಅರಿವಿತ್ತು. ಆರೋಪ ಹೊರಿಸುವುದಾಗಿ ಬೆದರಿಸಿ ಹಣ ಸುಲಿಯುವುದನ್ನು ಕುರಿತ 388 ಮತ್ತು 389ನೆಯ ಕಲಮುಗಳಲ್ಲಿ, ಆ ಬೆದರಿಕೆಯು 377ನೆಯ ಕಲಮಿನ ಅಪರಾಧಕ್ಕೆ ಸಂಬಂಧಿಸಿದ್ದರೆ ಸುಲಿಗೆಗಾರನಿಗೆ ಜೀವಾವಧಿಯವರೆಗೆ ಶಿಕ್ಷೆ ವಿಧಿಸಬಹುದೆಂದು ಪ್ರತ್ಯೇಕವಾಗಿ ಹೇಳಲಾಗಿತ್ತು. ಆದರೆ ಸುಲಿಗೆಗೆ ಒಳಗಾದವನು ದೂರು ಕೊಡಬೇಕಾದರೆ ತನ್ನ ಮೇಲಿನ ಆರೋಪವನ್ನು ತಾನೇ ಬಾಯಿಬಿಟ್ಟು ಹೇಳಬೇಕಾಗಿತ್ತು. ಹೀಗಾಗಿ ರಕ್ಷಣೆಯ ಕಲಮುಗಳು ಪುಸ್ತಕದಲ್ಲಿ ಉಳಿದವು. ಭಯದ ಕಲಮು ಬೀದಿಗೆ ಬಂದಿತು.

ಪಿಯುಸಿಎಲ್ ಸಂಸ್ಥೆಯ ಕರ್ನಾಟಕ ಘಟಕವು 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ಹಕ್ಕುಚ್ಯುತಿಯನ್ನು ಕುರಿತೂ, 2003ರಲ್ಲಿ ಲಿಂಗಪರಿವರ್ತಿತ ಸಮುದಾಯವನ್ನು ಕುರಿತೂ ಎರಡು ವರದಿಗಳನ್ನು ಪ್ರಕಟಿಸಿತು. ಬೆಂಗಳೂರಿನ ಉದ್ಯಾನ, ರಸ್ತೆ, ಹಮಾಮ್‌ಗಳಲ್ಲಿ ನಡೆಯುತ್ತಿದ್ದ ಬೆದರಿಕೆ, ಹೊಡೆತ, ಸುಲಿಗೆಗಳು ಮೊದಲ ಬಾರಿಗೆ ಹೀಗೆ ವ್ಯವಸ್ಥಿತವಾಗಿ ದಾಖಲಾದವು. ಇರುಳಿನ ನೆಲೆಯೊಂದು ಅಪಾಯದ ನೆಲೆಯೂ ಆಗಿರುವುದೇಕೆ ಎಂಬುದಕ್ಕೆ ಈ ವರದಿಗಳು ಉತ್ತರವಾಗಿವೆ. ಇರುಳು ಅಪಾಯಕಾರಿಯಾದುದು ಕತ್ತಲಿನಿಂದಲ್ಲ. ಅಲ್ಲಿ ನಡೆದುದನ್ನು ಹಗಲಿನಲ್ಲಿ ಹೇಳಲಾಗದ ಸ್ಥಿತಿಯಿಂದ.

ಕೋಣೆಯೊಳಗಿನ ಕೂಟ

ಬಯಲಿನಿಂದ ಕೋಣೆಗೆ ಬಂದ ಮೊದಲ ಹೆಜ್ಜೆಯೂ ಬಾರಿನದಲ್ಲ. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ‘ಗುಡ್ ಆ್ಯಸ್ ಯು’ ಎಂಬ ಗುಂಪು ಗುರುವಾರದ ಸಂಜೆಗಳಲ್ಲಿ ಸೇರುವ ಪದ್ಧತಿಯನ್ನಿಟ್ಟುಕೊಂಡಿತು. ಅಲ್ಲಿ ಕುಡಿತವಿರಲಿಲ್ಲ, ಕುಣಿತವಿರಲಿಲ್ಲ. ಸುತ್ತ ಕುಳಿತು ಮಾತಾಡುವುದೇ ಕಾರ್ಯಕ್ರಮ. ತನ್ನ ಒಲವನ್ನು ಇನ್ನೊಬ್ಬರ ಎದುರು ಜೋರಾಗಿ ಹೇಳಿದ್ದು ಇದೇ ಮೊದಲು ಎಂಬ ಅನುಭವವೇ ಇಂಥ ಸಭೆಗಳ ನಿಜವಾದ ಕೊಡುಗೆ. 1997ರಲ್ಲಿ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಲಿಂಗಾನುರಾಗಿಗಳ ಹಕ್ಕುಗಳನ್ನು ಕುರಿತ ವಿಚಾರಗೋಷ್ಠಿಯೊಂದು ನಡೆಯಿತು. 1999ರಲ್ಲಿ ‘ಸಂಗಮ’ ಸಂಸ್ಥೆ ಹುಟ್ಟಿತು. ಇಂಗ್ಲಿಷ್ ಬಲ್ಲ ಮಧ್ಯಮವರ್ಗದ ಆಚೆಗೆ, ಕನ್ನಡ ಮತ್ತು ತಮಿಳನ್ನಾಡುವ ಬಡವರನ್ನು, ಹಿಜಡಾಗಳನ್ನು, ಕೋತಿಗಳನ್ನು ಸಂಘಟಿಸಿದುದು ಇದರ ವೈಶಿಷ್ಟ್ಯ. ‘ಸ್ವಭಾವ’ ಸಂಸ್ಥೆಯು ‘ಸಹಾಯ’ ಎಂಬ ಹೆಸರಿನಲ್ಲಿ ದೂರವಾಣಿಯ ಮೂಲಕ ಆಪ್ತಸಲಹೆ ನೀಡತೊಡಗಿತು. ಮಹಿಳೆಯರಿಗಾಗಿಯೇ ಪ್ರತ್ಯೇಕ ಗುಂಪುಗಳು 2000ದ ನಂತರದ ದಶಕದಲ್ಲಿ ರೂಪುಗೊಂಡವು.

ಇದೇ ಕಾಲದಲ್ಲಿ ಏಡ್ಸ್ ನಿಯಂತ್ರಣದ ಕಾರ್ಯಕ್ರಮಗಳೂ ವಿಸ್ತರಿಸಿದವು. ಆರೋಗ್ಯ ಕಾರ್ಯಕರ್ತರು ಉದ್ಯಾನಗಳಿಗೂ ಬಸ್ ನಿಲ್ದಾಣಗಳಿಗೂ ಹೋಗಿ ಕಾಂಡೋಮ್ ಹಂಚಿದರು. ತಪಾಸಣೆ, ವಿಶ್ರಾಂತಿ ಮತ್ತು ಮಾತುಕತೆಗೆ ಅವಕಾಶವಿರುವ ಕೇಂದ್ರಗಳು ಜಿಲ್ಲಾಸ್ಥಳಗಳಲ್ಲಿಯೂ ತೆರೆದವು. ರೋಗದ ಹೆಸರಿನಲ್ಲಾದರೂ ಹಗಲಿನಲ್ಲಿ ಸೇರಲು ಒಂದು ಕೋಣೆ ಸಿಕ್ಕಿತು ಎಂಬುದು ಈ ಕಾರ್ಯಕ್ರಮಗಳ ಉಪಫಲ. ಒಲವಿನ ಗುರುತು ರೋಗದ ಭಯದೊಡನೆ ತಳಕು ಹಾಕಿಕೊಂಡಿತು ಎಂಬುದು ಅದರ ಮಿತಿ.

ಪಬ್ಬಿನ ಒಂದು ರಾತ್ರಿ

ಬೆಂಗಳೂರಿನ ಪಬ್ಬುಗಳು ಎಲ್ಲಿ ಬೆಳೆದವು ಎಂಬುದಕ್ಕೂ ಅಲ್ಲಿ ಯಾವ ಭಾಷೆ ನಡೆಯುತ್ತದೆ ಎಂಬುದಕ್ಕೂ ನೇರ ಸಂಬಂಧವಿದೆ. 1809ರಲ್ಲಿ ಸ್ಥಾಪಿತವಾದ ದಂಡು ಪ್ರದೇಶವು ಕೆಂಪೇಗೌಡರ ಪೇಟೆಯಿಂದ ಪ್ರತ್ಯೇಕವಾದ ಆಡಳಿತವನ್ನೂ ಭಾಷೆಗಳನ್ನೂ ಹೊಂದಿತ್ತು. ಎರಡೂ ಒಂದೇ ನಗರಸಭೆಯ ಅಡಿಯಲ್ಲಿ ಬಂದುದು 1949ರಲ್ಲಿ. 1980ರ ದಶಕದಿಂದ ಪಬ್ಬುಗಳು ತಲೆಯೆತ್ತಿದ್ದು ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರಸ್ತೆಗಳ ಈ ದಂಡಿನ ಭಾಗದಲ್ಲಿ. ಕಬ್ಬನ್ ಉದ್ಯಾನವು ಪೇಟೆ ಮತ್ತು ದಂಡುಗಳ ನಡುವೆ ಹಾಸಿಕೊಂಡಿದೆ. ಉದ್ಯಾನದಿಂದ ಪಬ್ಬಿಗೆ ನಡೆದು ಹೋಗುವ ದೂರ ಹೆಚ್ಚೆಂದರೆ ಅರ್ಧ ಗಂಟೆಯದು. ಆದರೆ ಉದ್ಯಾನದಲ್ಲಿ ಕುಳಿತವನು ಪಬ್ಬಿನ ಬಾಗಿಲು ತಲುಪಲು ಆ ದೂರವೊಂದನ್ನೇ ಕ್ರಮಿಸಿದರೆ ಸಾಲದು.

ಪಾಶ್ಚಾತ್ಯ ಮಾದರಿಯ, ವರ್ಷವಿಡೀ ಸಲಿಂಗಾನುರಾಗಿಗಳಿಗೇ ಮೀಸಲಾದ ಬಾರು ಬೆಂಗಳೂರಿನಲ್ಲಿ ನೆಲೆಯೂರಲಿಲ್ಲ. ಬದಲಾಗಿ ಬೆಳೆದುದು ‘ಒಂದು ರಾತ್ರಿ’ಯ ಪದ್ಧತಿ. ಸಾಮಾನ್ಯ ಪಬ್ಬೊಂದನ್ನು ಸಂಘಟಕರು ವಾರದ ಒಂದು ರಾತ್ರಿಗೆ ಅಥವಾ ತಿಂಗಳ ಒಂದು ರಾತ್ರಿಗೆ ಗೊತ್ತುಮಾಡಿಕೊಳ್ಳುತ್ತಾರೆ. ಗಿರಾಕಿಗಳು ಕಡಿಮೆಯಿರುವ ವಾರದ ನಡುವಿನ ದಿನಗಳು ಮಾಲೀಕರಿಗೂ ಅನುಕೂಲ. ಮೊದಲ ದಿನಗಳಲ್ಲಿ ಸ್ಥಳದ ಹೆಸರು ಪರಿಚಿತರ ಬಾಯಿಮಾತಿನಿಂದ, ಮುಂದೆ ಇ-ಮೇಲ್ ಮತ್ತು ಮೊಬೈಲ್ ಸಂದೇಶಗಳಿಂದ ಹರಡುತ್ತಿತ್ತು. ಕೆಲವೊಮ್ಮೆ ಊರ ಹೊರಗಿನ ತೋಟದ ಮನೆಗಳಲ್ಲಿ ಕೂಟ ನಡೆಯುತ್ತಿತ್ತು. ನೆರೆಯವರ ದೂರು, ಮಾಲೀಕನ ಅಂಜಿಕೆ, ಪೊಲೀಸರ ಭೇಟಿ ಇವುಗಳಲ್ಲಿ ಯಾವುದಾದರೊಂದು ಒದಗಿದರೆ ಆ ರಾತ್ರಿಯು ಮತ್ತೊಂದು ಪಬ್ಬಿಗೆ ವರ್ಗವಾಗುತ್ತಿತ್ತು. ಹೀಗಾಗಿ ಈ ಕೂಟಗಳಿಗೆ ಸ್ಥಿರವಾದ ವಿಳಾಸಪಟ್ಟಿಯೊಂದನ್ನು ಸಿದ್ಧಪಡಿಸುವುದು ಸಾಧ್ಯವಾಗಲಿಲ್ಲ.

ಇಂಥ ರಾತ್ರಿಗಳ ಒಳನಿಯಮಗಳು ಅವುಗಳ ಚರಿತ್ರೆಯನ್ನೇ ಹೇಳುತ್ತವೆ. ಛಾಯಾಚಿತ್ರ ತೆಗೆಯಬಾರದೆಂಬುದು ಮುಖ್ಯ ನಿಯಮ; ಒಂದು ಚಿತ್ರದಿಂದ ಒಬ್ಬನ ಕೆಲಸ ಹೋಗಬಹುದು, ಒಬ್ಬಳ ಮದುವೆ ಬಲವಂತದಿಂದ ನಡೆಯಬಹುದು. ಪರಿಚಿತನೊಬ್ಬ ಒಳಗೆ ಕಂಡರೆ ಹೊರಗೆ ಅವನ ಹೆಸರು ಹೇಳಬಾರದೆಂಬುದು ಬರೆಯದ ನಿಯಮ. ಒಪ್ಪಿಗೆಯಿಲ್ಲದೆ ಮುಟ್ಟಬಾರದೆಂಬುದು ಇನ್ನೊಂದು. ಬಾಗಿಲಲ್ಲಿ ವಯಸ್ಸಿನ ದಾಖಲೆ ಕೇಳುತ್ತಾರೆ. 21 ತುಂಬದವರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಲಿಂಗಪರಿವರ್ತಿತರಿಗೆ ಈ ದಾಖಲೆಯೇ ತೊಡಕು. ಚೀಟಿಯಲ್ಲಿರುವ ಹೆಸರು ಮತ್ತು ಚಿತ್ರ ಒಂದು, ಬಾಗಿಲಲ್ಲಿ ನಿಂತವರು ಇನ್ನೊಂದು ಎಂಬ ಕಾರಣದಿಂದ ಒಳಗೆ ಬಿಡದಿರುವುದುಂಟು. ಜೋಡಿಯಾಗಿ ಬಂದವರಿಗೆ ಮಾತ್ರ ಪ್ರವೇಶ, ಅದೂ ಒಂದು ಗಂಡು ಒಂದು ಹೆಣ್ಣಿನ ಜೋಡಿ, ಎಂದು ಹಲವು ಡಿಸ್ಕೊತೆಕ್‌ಗಳು ವಿಧಿಸುವ ಷರತ್ತು ಇಬ್ಬರು ಗಂಡಸರನ್ನು ಹೇಳದೆಯೇ ಹೊರಗಿಡುತ್ತದೆ.

ಪಬ್ಬಿನ ಇರುಳಿಗೆ ಸರ್ಕಾರದ ಗಡಿಯಾರವೂ ಉಂಟು. ಬೆಂಗಳೂರಿನ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಮತ್ತು ನಿಯಂತ್ರಣವನ್ನು ಕುರಿತ 2005ರ ಆದೇಶವು ಸಂಗೀತ, ನೃತ್ಯಗಳಿಗೆ ಪೊಲೀಸರ ಪರವಾನಗಿಯನ್ನು ಕಡ್ಡಾಯಗೊಳಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಚ್ಚುವ ಹೊತ್ತು ಬಹುಕಾಲ ರಾತ್ರಿ 11.30ರ ಆಸುಪಾಸಿನಲ್ಲಿತ್ತು, 2024ರಲ್ಲಿ ಬೆಂಗಳೂರಿನಲ್ಲಿ ಅದನ್ನು 1 ಗಂಟೆಯವರೆಗೆ ವಿಸ್ತರಿಸಲಾಯಿತು. ಮಂಗಳೂರಿನ ಪಬ್ಬೊಂದರಲ್ಲಿ 2009ರ ಜನವರಿ 24ರಂದು ತರುಣಿಯರ ಮೇಲೆ ನಡೆದ ಹಲ್ಲೆಯು, ಇರುಳಿನ ಮನರಂಜನೆಯನ್ನು ಸಂಸ್ಕೃತಿಯ ಹೆಸರಿನಲ್ಲಿ ದಂಡಿಸಲು ಹೊರಡುವವರೂ ಇದ್ದಾರೆಂಬುದನ್ನು ತೋರಿಸಿತು. ಎಲ್ಲರಿಗೂ ಅನ್ವಯಿಸುವ ಈ ಅಂಜಿಕೆಯು ಸಲಿಂಗಾನುರಾಗಿಗಳಿಗೆ ಇಮ್ಮಡಿಯಾಗಿರುತ್ತದೆ.

ಬೀದಿಗೆ ಬಂದ ಹಗಲು

ಬಾರಿನ ಇರುಳಿಗೂ ಬೀದಿಯ ಮೆರವಣಿಗೆಗೂ ಇರುವ ನಂಟು ಜಗತ್ತಿನ ಚರಿತ್ರೆಯಲ್ಲಿ ಸ್ಪಷ್ಟವಾಗಿದೆ. ನ್ಯೂಯಾರ್ಕಿನ ‘ಸ್ಟೋನ್‌ವಾಲ್ ಇನ್’ ಎಂಬ ಬಾರಿನ ಮೇಲೆ 1969ರ ಜೂನ್ 28ರ ನಸುಕಿನಲ್ಲಿ ಪೊಲೀಸರು ದಾಳಿ ಮಾಡಿದಾಗ ಅಲ್ಲಿದ್ದವರು ಎಂದಿನಂತೆ ತಲೆತಗ್ಗಿಸಿ ಹೋಗದೆ ಪ್ರತಿಭಟಿಸಿದರು. ಮರುವರ್ಷ ಅದರ ನೆನಪಿಗೆ ಮೆರವಣಿಗೆ ನಡೆಯಿತು. ಭಾರತದಲ್ಲಿ ಇಂಥ ಮೊದಲ ನಡಿಗೆ 1999ರ ಜುಲೈ 2ರಂದು ಕೋಲ್ಕತ್ತದಲ್ಲಿ ನಡೆಯಿತು. ಬೆಂಗಳೂರಿನಲ್ಲಿ 2008ರ ಜೂನ್ 29ರಂದು, ದೆಹಲಿ ಮತ್ತು ಕೋಲ್ಕತ್ತಗಳ ಜೊತೆಯಲ್ಲಿಯೇ, ಮೊದಲ ಹೆಮ್ಮೆಯ ನಡಿಗೆ ನಡೆಯಿತು. ಗುರುತು ಬಯಲಾಗಬಾರದೆಂದು ಮುಖವಾಡ ಧರಿಸಿ ನಡೆದವರೂ ಇದ್ದರು. ಉದ್ಯಾನದವರು, ಹಮಾಮಿನವರು, ಪಬ್ಬಿನವರು ಒಂದೇ ರಸ್ತೆಯಲ್ಲಿ, ಅದೂ ಹಗಲಿನಲ್ಲಿ, ಕೂಡಿ ನಡೆದ ಅಪರೂಪದ ಸಂದರ್ಭವದು.

ಕಾನೂನಿನ ಅಂತರವು ಕುಗ್ಗಿದ್ದು ಮುಂದಿನ ದಶಕದಲ್ಲಿ, ಅದೂ ಹಿಂದೆ ಮುಂದೆ ತೂಗುತ್ತ. 2009ರ ಜುಲೈ 2ರಂದು ದೆಹಲಿ ಉಚ್ಚ ನ್ಯಾಯಾಲಯವು ವಯಸ್ಕರ ನಡುವಿನ ಸಮ್ಮತಿಯ ಸಂಬಂಧವನ್ನು ಅಪರಾಧದಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಗೊಳಿಸಿತು. 2014ರ ಏಪ್ರಿಲ್ 15ರಂದು ಅದೇ ನ್ಯಾಯಾಲಯವು ಲಿಂಗಪರಿವರ್ತಿತರು ತಮ್ಮ ಗುರುತನ್ನು ತಾವೇ ನಿರ್ಧರಿಸಿಕೊಳ್ಳಬಹುದೆಂದಿತು. 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿತವಾಯಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇದರ ತಳಹದಿಯ ಮೇಲೆ 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು ಸಮ್ಮತಿಯ ಸಂಬಂಧಗಳಿಗೆ 377ನೆಯ ಕಲಮು ಅನ್ವಯಿಸದೆಂದು ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಆದರೆ ವಿವಾಹದ ಹಕ್ಕನ್ನು 2023ರ ಅಕ್ಟೋಬರ್ 17ರ ತೀರ್ಪು ಮಾನ್ಯ ಮಾಡಲಿಲ್ಲ.

ಕರ್ನಾಟಕದಲ್ಲಿಯೂ ಇದೇ ಬಗೆಯ ಎರಡು ಮುಖಗಳು ಕಾಣುತ್ತವೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36-ಎ ಎಂಬ ಕಲಮನ್ನು ಸೇರಿಸಿ, ನಪುಂಸಕರೆಂದು ಹೆಸರಿಸಿದವರ ಮೇಲೆ ಕಣ್ಗಾವಲಿಡುವ ಅಧಿಕಾರವನ್ನು ಪೊಲೀಸರಿಗೆ ನೀಡಲಾಯಿತು. ನ್ಯಾಯಾಲಯದಲ್ಲಿ ಪ್ರಶ್ನಿಸಲ್ಪಟ್ಟ ಮೇಲೆ ಆ ಪದವನ್ನು ಕೈಬಿಡಲಾಯಿತು. ಅದೇ ರಾಜ್ಯವು 2017ರಲ್ಲಿ ಲಿಂಗಪರಿವರ್ತಿತರಿಗಾಗಿ ನೀತಿಯೊಂದನ್ನು ರೂಪಿಸಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿಯನ್ನು ನೀಡಿತು.

2018ರ ತೀರ್ಪಿನ ಪರಿಣಾಮ ಬೆಂಗಳೂರಿನ ಇರುಳಿನ ಮೇಲೆಯೂ ಆಯಿತು. ಗುಟ್ಟಾಗಿ ನಡೆಯುತ್ತಿದ್ದ ರಾತ್ರಿಗಳು ಬಹಿರಂಗ ಪ್ರಕಟಣೆಯೊಡನೆ ನಡೆಯತೊಡಗಿದವು. ಆ ಮೊಕದ್ದಮೆಯ ಅರ್ಜಿದಾರರಲ್ಲಿ ಒಬ್ಬರಾದ ಕೇಶವ ಸೂರಿಯವರು ‘ಲಲಿತ್’ ಹೋಟೆಲ್ ಸಮೂಹಕ್ಕೆ ಸೇರಿದವರು. ಆ ಸಮೂಹದ ನೈಟ್‌ಕ್ಲಬ್ಬುಗಳಲ್ಲಿ ಗಂಡಸರು ಹೆಣ್ಣಿನ ವೇಷ ಧರಿಸಿ ಪ್ರದರ್ಶನ ನೀಡುವ ‘ಡ್ರ್ಯಾಗ್’ ಕಲೆಗೆ ವೇದಿಕೆ ದೊರೆಯಿತು. ಬೆಂಗಳೂರಿನ ಅಲೆಕ್ಸ್ ಮ್ಯಾಥ್ಯೂ ‘ಮಾಯಾ’ ಎಂಬ ಪಾತ್ರದ ಮೂಲಕ ಈ ಕಲೆಯನ್ನು ಪರಿಚಿತಗೊಳಿಸಿದರು. ದೊಡ್ಡಾಟದ ಸ್ತ್ರೀವೇಷವನ್ನು ಕಂಡು ಬೆಳೆದವನಿಗೆ ಇದು ತೀರ ಅಪರಿಚಿತವಲ್ಲ. ಅಂತರವಿರುವುದು ಪ್ರೇಕ್ಷಕರಲ್ಲಿ: ಅಲ್ಲಿ ಊರಿಗೆ ಊರೇ ನೆಲದ ಮೇಲೆ ಕುಳಿತು ನೋಡುತ್ತಿತ್ತು, ಇಲ್ಲಿ ದುಡ್ಡು ಕೊಟ್ಟವರು ಮಾತ್ರ ನೋಡುತ್ತಾರೆ.

ಉಳಿದ ಅಂತರಗಳು

ಹೀಗೆ ಕಾನೂನಿನ ಅಂತರ ಕುಗ್ಗಿದರೂ ಹಣ ಮತ್ತು ಭಾಷೆಯ ಅಂತರಗಳು ಹಾಗೆಯೇ ಉಳಿದಿವೆ. ಪ್ರವೇಶ ಶುಲ್ಕ, ಒಳಗಿನ ಪಾನೀಯದ ಬೆಲೆ, ಮೆಟ್ರೊ ರೈಲಿನ ಓಡಾಟ ನಿಂತ ಮೇಲೆ ಮನೆಗೆ ಮರಳಲು ಆಟೊ ಅಥವಾ ಬಾಡಿಗೆ ಕಾರಿನ ವೆಚ್ಚ ಇವುಗಳನ್ನು ಕೂಡಿಸಿದರೆ ಗಾರ್ಮೆಂಟ್ ಕಾರ್ಖಾನೆಯಲ್ಲಿಯೋ ಹೋಟೆಲಿನಲ್ಲಿಯೋ ದುಡಿಯುವವನ ಹಲವು ದಿನಗಳ ಸಂಬಳವಾಗುತ್ತದೆ. ಉಡುಪು ನೋಡಿ ಬಾಗಿಲಲ್ಲಿ ತಡೆಯುವುದೂ ಉಂಟು. ಒಳಗೆ ಹೋದ ಮೇಲೆ ಮಾತು ಇಂಗ್ಲಿಷಿನಲ್ಲಿ, ಹಾಡು ಹಿಂದಿ ಅಥವಾ ಇಂಗ್ಲಿಷಿನಲ್ಲಿ. ತನ್ನಂತೆಯೇ ಒಲಿಯುವವರ ನಡುವೆ ನಿಂತೂ ತನ್ನ ನುಡಿಯಲ್ಲಿ ಮಾತಾಡುವವರಿಲ್ಲದೆ ಒಬ್ಬಂಟಿಯಾಗುವ ಸ್ಥಿತಿ ಇದು.

ಮೊಬೈಲ್ ಆ್ಯಪ್‌ಗಳು ಈ ಅಂತರವನ್ನು ಒಂದು ಮಟ್ಟಿಗೆ ತುಂಬಿವೆ. ಹಾವೇರಿಯಲ್ಲಿದ್ದವನು ರಾಣೆಬೆನ್ನೂರಿನಲ್ಲಿಯೋ ಬ್ಯಾಡಗಿಯಲ್ಲಿಯೋ ತನ್ನಂಥವನೊಬ್ಬನಿದ್ದಾನೆಂದು ಇವುಗಳಿಂದ ತಿಳಿಯಬಲ್ಲ. ಆದರೆ ಉದ್ಯಾನದ ಹಳೆಯ ಸುಲಿಗೆಯು ಇಲ್ಲಿ ಹೊಸ ವೇಷದಲ್ಲಿ ಬಂದಿದೆ: ಸುಳ್ಳು ಹೆಸರಿನಲ್ಲಿ ಸ್ನೇಹ ಬೆಳೆಸಿ, ಒಂಟಿ ಸ್ಥಳಕ್ಕೆ ಕರೆಸಿ, ಚಿತ್ರ ತೆಗೆದು ಬೆದರಿಸುವುದು. ಸಣ್ಣ ಊರುಗಳ ಅಪಾಯ ಎಷ್ಟೆಂಬುದನ್ನು 2013ರ ನವೆಂಬರಿನಲ್ಲಿ ಹಾಸನದಲ್ಲಿ 377ನೆಯ ಕಲಮಿನಡಿ ಹದಿಮೂವರನ್ನು ಬಂಧಿಸಿದ ಘಟನೆ ತೋರಿಸಿತ್ತು. ಅಂಥ ಬಂಧನ ಇಂದು ಸಾಧ್ಯವಿಲ್ಲ. ಆದರೆ ಹೆಸರು ಬಯಲಾಗುವ ಭಯಕ್ಕೆ ಯಾವ ತೀರ್ಪೂ ಪರಿಹಾರವಾಗಿಲ್ಲ.

ಈ ಹಿನ್ನೆಲೆಯಲ್ಲಿ ಹೊಸದಾಗಿ ನಗರಕ್ಕೆ ಬಂದವರು ತಿಳಿದಿರಬೇಕಾದ ಸಂಗತಿಗಳು ಕೆಲವು. ಮೊದಲ ಪರಿಚಯಕ್ಕೆ ಪಬ್ಬಿಗಿಂತ ಸಂಘಟನೆಗಳ ಸಭೆಗಳು, ಸಹಾಯವಾಣಿಗಳು ಹೆಚ್ಚು ಸುರಕ್ಷಿತ. ಅಲ್ಲಿ ಹಣ ಬೇಕಿಲ್ಲ, ಕನ್ನಡದಲ್ಲಿ ಮಾತಾಡುವವರೂ ದೊರೆಯುತ್ತಾರೆ. ಅಪರಿಚಿತರನ್ನು ಮೊದಲು ಜನರಿರುವ ಸ್ಥಳದಲ್ಲಿ, ಹಗಲಿನಲ್ಲಿ ಕಾಣುವುದು, ಹೋಗುವ ಸ್ಥಳವನ್ನು ಒಬ್ಬ ಸ್ನೇಹಿತನಿಗಾದರೂ ತಿಳಿಸಿರುವುದು ಒಳ್ಳೆಯದು. ವಯಸ್ಕರ ಸಮ್ಮತಿಯ ಸಂಬಂಧ ಇಂದು ಅಪರಾಧವಲ್ಲ. ಆದರೆ ಸಾರ್ವಜನಿಕ ಸ್ಥಳದಲ್ಲಿ ಅಸಭ್ಯ ವರ್ತನೆಯೆಂಬ ಆರೋಪವು ಯಾರ ಮೇಲೆ ಬೇಕಾದರೂ ಬರಬಹುದು. ಬೆದರಿಸಿ ಹಣ ಕೇಳುವುದು ಭಾರತೀಯ ನ್ಯಾಯ ಸಂಹಿತೆಯ 308ನೆಯ ಕಲಮಿನಡಿ ಶಿಕ್ಷಾರ್ಹ ಅಪರಾಧ. ಹಿಂದೆ ದೂರು ಕೊಡುವವನನ್ನೇ ಅಪರಾಧಿಯಾಗಿಸುತ್ತಿದ್ದ ಕಲಮು ಈಗಿಲ್ಲವಾದ್ದರಿಂದ ಸುಲಿಗೆಯ ವಿರುದ್ಧ ದೂರು ಕೊಡಲು ಹಿಂಜರಿಯಬೇಕಿಲ್ಲ.

ಕನ್ನಡದ ಹಗಲು

ಕನ್ನಡ ಸಾಹಿತ್ಯವು ಈ ವಿಷಯದಲ್ಲಿ ಪಬ್ಬಿಗಿಂತ ಮೊದಲೇ ಬಾಗಿಲು ತೆರೆಯಿತೆಂದು ಹೇಳುವಂತಿಲ್ಲ. ಆದರೆ ತೆರೆದ ಮೇಲೆ ಅಗಲವಾಗಿ ತೆರೆಯಿತು. ಬೆಂಗಳೂರಿನಲ್ಲಿ ಹುಟ್ಟಿದ ಗಣಿತಪ್ರತಿಭೆ ಶಕುಂ‌ತಲಾ ದೇವಿಯವರು ಸಲಿಂಗಾನುರಾಗಿಗಳ ಬದುಕನ್ನು ಕುರಿತು 1977ರಷ್ಟು ಹಿಂದೆಯೇ ಸಹಾನುಭೂತಿಯ ಗ್ರಂಥವೊಂದನ್ನು ಪ್ರಕಟಿಸಿದರು; ಆದರೆ ಅದು ಇಂಗ್ಲಿಷಿನಲ್ಲಿತ್ತು. ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ, ಸಣ್ಣ ಊರಿನಿಂದ ನಗರಕ್ಕೆ ಬಂದ ಸಲಿಂಗಾನುರಾಗಿಯ ಅಂತರಂಗವು ಕನ್ನಡದ ಸಾಮಾನ್ಯ ಓದುಗರ ಮನೆಗಳನ್ನು ತಲುಪಿತು. ಎ. ರೇವತಿಯವರ ಆತ್ಮಕಥೆ ‘ಬದುಕು ಬಯಲು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದು ರಂಗಕ್ಕೂ ಏರಿತು. 2015ರಲ್ಲಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರದ ನಟನೆಗೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಪುಸ್ತಕಕ್ಕೆ ಬಾಗಿಲು ಕಾಯುವವನಿಲ್ಲ. ಅದು ಐರಣಿಯ ಮನೆಯೊಂದರಲ್ಲಿಯೂ ತೆರೆದುಕೊಳ್ಳಬಲ್ಲದು.

ಬೆಂಗಳೂರಿನ ಸಲಿಂಗಾನುರಾಗಿಗಳ ಇರುಳನ್ನು ಕುರಿತ ಈ ಪರಿಶೀಲನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಉದ್ಯಾನವಾಗಲಿ, ಹಮಾಮಾಗಲಿ, ಪಬ್ಬಿನ ಒಂದು ರಾತ್ರಿಯಾಗಲಿ ವಿಲಾಸಕ್ಕಾಗಿ ಹುಟ್ಟಿದುವಲ್ಲ. ಮನೆ, ಶಾಲೆ, ಊರುಗಳ ಹಗಲಿನಲ್ಲಿ ಜಾಗವಿಲ್ಲದ್ದರಿಂದ ಹುಟ್ಟಿದುವು. ಇರುಳಿನ ನೆಲೆಗಳು ಹೆಚ್ಚಾದವೆಂಬುದಷ್ಟೇ ಪ್ರಗತಿಯ ಅಳತೆಯಾಗಲಾರದು. ಅಲ್ಲಿಗೆ ಹೋಗುವವನು ಹೋಗಲೇಬೇಕಾದ ಅನಿವಾರ್ಯದಿಂದ ಹೋಗುತ್ತಾನೆಯೇ, ಬಯಸಿ ಹೋಗುತ್ತಾನೆಯೇ ಎಂಬುದೇ ನಿಜವಾದ ಅಳತೆ. ರಾಣೆಬೆನ್ನೂರಿನಲ್ಲಿ ರೈಲು ಹತ್ತುವ ತರುಣನು ತಾನು ಯಾರೆಂಬುದನ್ನು ಊರಿನಲ್ಲಿಯೇ, ತನ್ನ ಮನೆಯ ಅಂಗಳದಲ್ಲಿಯೇ, ತನ್ನ ನುಡಿಯಲ್ಲಿಯೇ ಹೇಳಬಲ್ಲನಾದ ದಿನ ಬೆಂಗಳೂರಿನ ಇರುಳು ಅವನಿಗೂ ಇತರರಿಗಿರುವಂತೆ ಬರಿಯ ವಿರಾಮದ ಹೊತ್ತಾದೀತು.